ಚೌಕಾನೂ ಆಯತಾನೇ ಸ್ವಾಮಿ: ಗಣಿತದ ಪುಸ್ತಕ ಬರೆಯೋರಿಗೆ, ಪ್ರಶ್ನೆಪತ್ರಿಕೆ ತೆಗೆಯೋರಿಗೆ ಒಂದು ಬಹಿರಂಗ ಪತ್ರ

ಪ್ರೈಮರಿ ಮಕ್ಕಳಿಗೆ ಗಣಿತದ ಪುಸ್ತಕ ಬರೆಯೋರಿಗೆ, ಪ್ರಶ್ನೆಪತ್ರಿಕೆ ತೆಗೆಯೋರಿಗೆ, ಅದರ ಜೊತೆ ಆನ್ಸರ್ ಕೀ ತಯಾರು ಮಾಡೋ ಎಲ್ರಿಗೂ ನಮಸ್ಕಾರ.

ನಾನು ಪ್ರೈಮರಿ ಟೀಚರ್. ದೂರು ಹೇಳೋಕೆ ಮುಂಚೆ ನನ್ನ ತಪ್ಪು ಒಪ್ಕೊಂಡ್ಬಿಡ್ತೀನಿ. ಒಂದು ಟೆಸ್ಟಲ್ಲಿ "ಆಯತಗಳಿಗೆ ಬಣ್ಣ ಹಚ್ಚಿ" ಅಂತ ಪ್ರಶ್ನೆ ಇತ್ತು, ಕೆಳಗೆ ಆರು ಚಿತ್ರ. ಒಬ್ಳು ಹುಡುಗಿ ಎರಡು ಉದ್ದನೆ ಆಯತಕ್ಕೆ ಹಚ್ಚಿ, ಪಕ್ಕದಲ್ಲಿದ್ದ ಚೌಕಕ್ಕೂ ಹಚ್ಚಿದ್ಲು, ಗೆರೆ ಆಚೆ ಒಂಚೂರೂ ಹೋಗ್ದಂಗೆ ನೀಟಾಗಿ. ಕೀ ನೋಡಿದ್ರೆ ಎರಡೇ ಚಿತ್ರ. ನಾನು ಕೆಂಪು ಪೆನ್ ತಗೊಂಡು ಚೌಕದ ಮೇಲೆ ತಪ್ಪು ಗುರುತು ಹಾಕಿ ಅರ್ಧ ಮಾರ್ಕ್ಸ್ ಕಟ್ ಮಾಡ್ದೆ. ಪೇಪರ್ ಕೊಟ್ಟ ಮೇಲೆ ಅವಳು ಟೇಬಲ್ ಹತ್ರ ಬಂದು "ಮಿಸ್, ನಾಲ್ಕು ಮೂಲೇನೂ ಲಂಬಕೋನ ಆಗಿದ್ರೆ ಆಯತ ಅಂತ ನೀವೇ ಹೇಳಿದ್ರಲ್ಲಾ, ಇದಕ್ಕೂ ನಾಲ್ಕೂ ಲಂಬಕೋನಾನೇ ಇದೆಯಲ್ಲಾ" ಅಂದ್ಲು. ನಾನು "ಅದು ಚೌಕ ಕಣೇ, ಹೋಗಿ ಕೂತ್ಕೋ" ಅಂದೆ. ಹೋಗಿ ಕೂತ್ಕೊಂಡ್ಲು. ಮಾತೇ ಆಡ್ಲಿಲ್ಲ. ರಾತ್ರಿ ಮಲ್ಕೊಂಡಾಗ ಹೊಳೀತು, ಇಡೀ ಕ್ಲಾಸಲ್ಲಿ ನಾನು ಹೇಳಿದ ಮಾತನ್ನ ನಂಬಿ ಲೆಕ್ಕ ಹಾಕಿದ್ದು ಅವಳೊಬ್ಳೇ, ಮಿಕ್ಕೋರೆಲ್ಲ ಚಿತ್ರದ ಮುಖ ನೋಡಿ ಬಣ್ಣ ಹಚ್ಚಿದ್ರು, ಮುಖ ನೋಡಿದೋರಿಗೆ ಫುಲ್ ಮಾರ್ಕ್ಸ್ ಕೊಟ್ಟೆ, ಲೆಕ್ಕ ಹಾಕಿದೋಳಿಗೆ ಕಟ್ ಮಾಡ್ದೆ.

ಅದಾದ್ಮೇಲೆ ಕೈಗೆ ಸಿಕ್ಕಿದ ಪುಸ್ತಕಗಳನ್ನೆಲ್ಲ ತೆಗೆದು ಈ ಒಂದು ಪಾಠ ಮಾತ್ರ ನೋಡ್ತಾ ಬಂದೆ. ಹೆಚ್ಚುಕಮ್ಮಿ ಎಲ್ಲಾ ಕಡೆ ಕಥೆ ಒಂದೇ. ಪೇಜಿನ ಮೇಲೆ ಐದಾರು ಚಿತ್ರ, ಪ್ರತಿಯೊಂದಕ್ಕೂ ಒಂದು ಡಬ್ಬಿ, ಡಬ್ಬಿ ಕೆಳಗೆ ಹೆಸರು: ಚೌಕ, ಆಯತ, ಸಮಾಂತರ ಚತುರ್ಭುಜ, ವಜ್ರಾಕೃತಿ, ತ್ರಾಪಿಜ್ಯ (ಒಂದು ಜೊತೆ ಎದುರು ಬಾಹು ಸಮಾಂತರ ಇರೋದು), ಗಾಳಿಪಟ. ಚೌಕ ಯಾವಾಗ್ಲೂ ನೆಟ್ಟಗೆ ನಿಂತಿರತ್ತೆ. ಆಯತ ಯಾವಾಗ್ಲೂ ಅಡ್ಡ ಮಲಗಿರತ್ತೆ. ವಜ್ರಾಕೃತಿ ಯಾವಾಗ್ಲೂ ತುದಿ ಮೇಲೆ ನಿಂತಿರತ್ತೆ. ಸಮಾಂತರ ಚತುರ್ಭುಜ ಯಾವಾಗ್ಲೂ ಬಲಕ್ಕೆ ವಾಲಿರತ್ತೆ (ಎಡಕ್ಕೆ ವಾಲಿದ್ದನ್ನ ನಾನಂತೂ ಒಂದು ಕಡೆ ಮಾತ್ರ ನೋಡಿದ್ದು, ಅದು ಪ್ರಿಂಟಿಂಗ್ ಮಿಸ್ಟೇಕ್ ಇರಬಹುದು ಅಂತ ಡೌಟು). ಇಷ್ಟು ನೋಡಿದ ಮಗು ಏನು ಕಲಿಯತ್ತೆ ಹೇಳಿ? ಹೆಸರು ಅನ್ನೋದು ಆಕಾರ ನಿಂತಿರೋ ಭಂಗಿಗೆ ಇಟ್ಟಿದ್ದು ಅಂತ ಕಲಿಯತ್ತೆ. ಒಂದು ಚೌಕದ ರಟ್ಟನ್ನ ಮಕ್ಕಳ ಮುಂದೆ ಹಿಡಿದು ಇದೇನು ಅಂತ ಕೇಳಿ, "ಚೌಕಾ" ಅಂತ ಒಂದೇ ಉಸಿರಿಗೆ ಕೂಗ್ತಾರೆ. ಅದನ್ನೇ ಅವರ ಕಣ್ಣೆದುರೇ ಮೆಲ್ಲಗೆ ತಿರುಗಿಸಿ ಮೂಲೆ ಕೆಳಗೆ ಬರೋಂಗೆ ಹಿಡೀರಿ, ಅರ್ಧ ಕ್ಲಾಸು "ಡೈಮಂಡ್" ಅನ್ನತ್ತೆ. ವಾಪಸ್ ತಿರುಗಿಸಿ, ಮತ್ತೆ ಚೌಕ. ಒಬ್ಬ ಹುಡುಗ ರಟ್ಟಿನ ಬದಲು ತನ್ನ ಕತ್ತನ್ನೇ ವಾಲಿಸಿ ನೋಡಿ "ಮಿಸ್, ನಂಗಿನ್ನೂ ಚೌಕಾನೇ" ಅಂದ. ಗಣಿತ ಶುರುವಾಗಿದ್ದು ಅವನ ಕತ್ತಿಂದ.

ನಾನು ಕೇಳ್ತಿರೋದು ಒಂದೇ. ಹೆಸರನ್ನ ಡಬ್ಬಿ ಥರ ಕೊಡ್ಬೇಡಿ, ಷರತ್ತಿನ ಥರ ಕೊಡಿ. "ನಾಲ್ಕೂ ಕೋನ ಲಂಬಕೋನ ಆಗಿದ್ರೆ ಆಯತ" ಅಷ್ಟೇ, ಅಲ್ಲಿಗೆ ನಿಲ್ಲಿಸಿ. "ಎರಡು ಉದ್ದ ಬಾಹು, ಎರಡು ಗಿಡ್ಡ ಬಾಹು" ಅಂತ ಬಾಲ ಅಂಟಿಸ್ಬೇಡಿ. ಆ ಬಾಲದಿಂದಾನೇ ಚೌಕ ಮನೆಯಿಂದ ಆಚೆ ಹೋಗೋದು. "ನಾಲ್ಕೂ ಬಾಹು ಸಮ ಇದ್ರೆ ವಜ್ರಾಕೃತಿ", ಅಲ್ಲೂ ಅಷ್ಟೇ, "ಆದರೆ ಕೋನಗಳು ಲಂಬಕೋನ ಅಲ್ಲ" ಅಂತ ಸೇರಿಸ್ಬೇಡಿ. ಎರಡು ಷರತ್ತೂ ಒಟ್ಟಿಗೆ ಪಾಸ್ ಮಾಡಿದೋನೇ ಚೌಕ. ಅಂದ್ರೆ ಚೌಕ ಆಯತಾನೂ ಹೌದು, ವಜ್ರಾಕೃತೀನೂ ಹೌದು, ಮೂರೂ ಸಮಾಂತರ ಚತುರ್ಭುಜದ ಮನೆಯವ್ರೇ.

"ಚಿಕ್ಕ ಮಕ್ಕಳಿಗೆ ಇದೆಲ್ಲ ಕನ್ಫ್ಯೂಸ್ ಆಗತ್ತೆ, ಆಮೇಲೆ ದೊಡ್ಡ ಕ್ಲಾಸಲ್ಲಿ ಹೇಳಿದ್ರಾಯ್ತು" ಅಂತ ನೀವು ಹೇಳ್ತೀರ, ಗೊತ್ತು, ನಂಗೂ ಹಾಗೇ ಹೇಳಿದಾರೆ. ಆದ್ರೆ ಈ ಮಕ್ಕಳೇ ನಾಯಿ ಪ್ರಾಣಿ ಅಂತ ಒಪ್ತಾರೆ, ಅಜ್ಜಿ ಹೆಂಗಸು ಅಂತ ಒಪ್ತಾರೆ, ಎಲ್ಲಾ ಹೆಂಗಸರೂ ಅಜ್ಜಿ ಅಲ್ಲ ಅಂತಾನೂ ಒಪ್ತಾರೆ, ಯಾರೂ ಅದಕ್ಕೆ ಪಾಠ ಮಾಡಿಲ್ಲ. ಚೌಕಕ್ಕೆ ಬಂದಾಗ ಮಾತ್ರ ತಲೆ ಓಡಲ್ಲ ಅಂತ ಯಾಕೆ ಅಂದ್ಕೋಬೇಕು? ಇದನ್ನ ಹೀಗೇ ಹೇಳಿ ನೋಡಿದೆ ಒಂದ್ಸಲ. ಒಬ್ಳು ಯೋಚನೆ ಮಾಡಿ "ಹಾಗಾದ್ರೆ ಚೌಕ ಆಯತದ ಮರೀನಾ ಮಿಸ್?" ಅಂದ್ಲು. ಪೂರ್ತಿ ಸರಿ ಇಲ್ಲ, ಆದ್ರೆ ನಿಮ್ಮ ಡಬ್ಬಿಗಿಂತ ಎಷ್ಟೋ ಹತ್ರ ಇದೆ. ಕನ್ಫ್ಯೂಸ್ ಆಗೋದು ಮೊದಲ ಸಲ ಸರಿಯಾಗಿ ಹೇಳಿದಾಗ ಅಲ್ಲ, ನಾಲ್ಕು ವರ್ಷ ಚೌಕ ಬೇರೆ ಆಯತ ಬೇರೆ ಅಂತ ಹೇಳಿ ಮಾರ್ಕ್ಸ್ ಕೊಟ್ಟು ಆಮೇಲೆ ಒಂದು ದಿನ ಇದ್ದಕ್ಕಿದ್ದಂಗೆ "ಚೌಕವೂ ಆಯತವೇ" ಅಂತ ಹೇಳಿದಾಗ. ಅಲ್ಲಿ ಮಗು ಗಣಿತದ ಮೇಲಿನ ನಂಬಿಕೇನೇ ಕಳ್ಕೊಳತ್ತೆ, ದೊಡ್ಡೋರು ಬೇಕಾದಂಗೆ ರೂಲ್ಸ್ ಚೇಂಜ್ ಮಾಡ್ತಾರೆ ಅನ್ಸತ್ತೆ.

ಡಬ್ಬಿ ಮಾಡಿದ್ದು ನೀವೇ ಮೊದಲಲ್ಲ, ಅದನ್ನೂ ಹೇಳ್ಬೇಕು. ಗ್ರೀಕ್ ಗಣಿತಜ್ಞ ಯೂಕ್ಲಿಡ್ ಸುಮಾರು 2300 ವರ್ಷದ ಹಿಂದೆ ಪಟ್ಟಿ ಮಾಡಿದಾಗ ಚೌಕಾನೇ ಬೇರೆ ಇಟ್ಟ, ಸಮ ಬಾಹು ಇಲ್ಲದ ಲಂಬಕೋನದ ಆಕಾರಾನೇ ಬೇರೆ ಇಟ್ಟ, ಲಂಬಕೋನ ಇಲ್ಲದ ವಜ್ರಾಕೃತೀನೂ, ಎದುರುಬದುರು ಬಾಹು ಮಾತ್ರ ಸಮ ಇರೋ ವಾಲಿದ ಆಕಾರಾನೂ ಬೇರೆಬೇರೆ ಇಟ್ಟ, ಉಳಿದದ್ದಕ್ಕೆಲ್ಲ ಒಟ್ಟಾಗಿ ಟ್ರಪೀಜಿಯ ಅಂತ ಹೆಸರಿಟ್ಟು ಕೈ ತೊಳ್ಕೊಂಡ. ನಮ್ಮ ಮಹಾವೀರಾಚಾರ್ಯರು, ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ ಗಣಿತಸಾರಸಂಗ್ರಹ ಬರೆದಾಗ ಬೇರೆ ಥರಾನೇ ವಿಂಗಡಿಸಿದ್ರು, ಎಷ್ಟು ಬಾಹು ಸಮ ಅನ್ನೋದರ ಮೇಲೆ ಐದು ಜಾತಿ: ಸಮ (ನಾಲ್ಕೂ ಸಮ), ದ್ವಿದ್ವಿಸಮ (ಎರಡೆರಡು ಸಮ), ದ್ವಿಸಮ (ಎರಡು ಮಾತ್ರ ಸಮ), ತ್ರಿಸಮ (ಮೂರು ಸಮ), ವಿಷಮ (ಯಾವುದೂ ಸಮ ಇಲ್ಲ). ಅಂದ್ರೆ ವಿಂಗಡಣೆ ಆಕಾಶದಿಂದ ಬಿದ್ದಿದ್ದಲ್ಲ, ಕೆಲಸಕ್ಕೆ ತಕ್ಕಂಗೆ ಮನುಷ್ಯರು ಮಾಡ್ಕೊಂಡಿದ್ದು. ಈಗಿನ ಗಣಿತ ಒಂದರೊಳಗೆ ಒಂದು ಇಡೋ ವಿಂಗಡಣೇನ ಆರಿಸ್ಕೊಂಡಿರೋದಕ್ಕೂ ಕಾರಣ ಸಿಂಪಲ್ಲು. ಸಮಾಂತರ ಚತುರ್ಭುಜದ ಕರ್ಣಗಳು (ಎದುರುಬದುರು ಮೂಲೆ ಸೇರಿಸೋ ಗೆರೆಗಳು) ಒಂದನ್ನೊಂದು ಸರಿಯಾಗಿ ಅರ್ಧ ಮಾಡ್ತವೆ ಅಂತ ಒಂದ್ಸಲ ಸಾಧಿಸಿಬಿಟ್ರೆ ಅದು ಆಯತಕ್ಕೂ ವಜ್ರಾಕೃತಿಗೂ ಚೌಕಕ್ಕೂ ಫ್ರೀಯಾಗಿ ಸಿಗತ್ತೆ. ಡಬ್ಬಿ ಮಾಡಿದ್ರೆ ನಾಲ್ಕು ಸಲ ಸಾಧಿಸ್ಬೇಕು, ನಾಲ್ಕು ಸಲ ಬಾಯಿಪಾಠ ಮಾಡ್ಬೇಕು. ಮಕ್ಕಳು ಈಗ ಮಾಡ್ತಿರೋದು ಅದನ್ನೇ. ಚೌಕದ ಎಂಟು ಗುಣ, ಆಯತದ ಆರು, ವಜ್ರಾಕೃತಿದು ಏಳು ಅಂತ ಟೇಬಲ್ ಹಾಕಿ ಉರು ಹೊಡೀತಾರೆ, ಪರೀಕ್ಷೆ ಮುಗಿದ ಮಾರನೇ ದಿನ ಎಲ್ಲ ಕಲಸುಮೇಲೋಗರ.

ನೆದರ್ಲೆಂಡ್ಸಲ್ಲಿ ಪಿಯರೆ ವಾನ್ ಹೀಲೆ, ಡೀನಾ ವಾನ್ ಹೀಲೆ ಅಂತ ದಂಪತಿ ಇದ್ರು, ಇಬ್ರೂ ಶಾಲೇಲಿ ಪಾಠ ಮಾಡ್ತಿದ್ದೋರು, 1957ರಲ್ಲಿ ಇಬ್ರೂ ಇದೇ ವಿಷ್ಯದ ಸುತ್ತ ಪ್ರಬಂಧ ಬರೆದ್ರು. ಅವರು ಹೇಳಿದ್ದು ನಮ್ಮ ಕ್ಲಾಸ್‌ರೂಮಿಗೆ ಬಂದು ನೋಡಿ ಬರೆದಂಗಿದೆ. ಮಗು ಮೊದಲು ಆಕಾರಾನ ಇಡಿಯಾಗಿ, ಮುಖ ನೋಡಿದಂಗೆ ಗುರುತಿಸತ್ತೆ, ಆಮೇಲೆ ಅದರ ಗುಣಗಳನ್ನ ಒಂದೊಂದಾಗಿ ನೋಡತ್ತೆ, ಅದಾದ್ಮೇಲೆ ಒಂದು ಗುಣದಿಂದ ಇನ್ನೊಂದು ಹೇಗೆ ಬರತ್ತೆ, ಯಾವ ಆಕಾರ ಯಾವುದರೊಳಗೆ ಬರತ್ತೆ ಅಂತ ಯೋಚಿಸತ್ತೆ. ಟೀಚರ್ ಮೂರನೇ ಮೆಟ್ಟಿಲಲ್ಲಿ ನಿಂತು ಮಾತಾಡಿ ಮಗು ಮೊದಲನೇ ಮೆಟ್ಟಿಲಲ್ಲಿದ್ರೆ ಇಬ್ರೂ ಒಂದೇ ಪದ ಬಳಸಿದ್ರೂ ಮಾತು ತಲುಪಲ್ಲ. ಮೆಟ್ಟಿಲು ಹತ್ತೋದು ವಯಸ್ಸಿಂದಲ್ಲ, ಹೆಚ್ಚಾಗಿ ಪಾಠದಿಂದ ಅಂತಾನೂ ಅವರು ಹೇಳಿದ್ರು. ಅದಕ್ಕೇ "ದೊಡ್ಡೋರಾದ್ಮೇಲೆ ತಾನಾಗೇ ಅರ್ಥ ಆಗತ್ತೆ" ಅನ್ನೋ ಮಾತನ್ನ ನಾನು ಒಪ್ಪಲ್ಲ. ತಾನಾಗೇ ಆಗಲ್ಲ. ಎರಡನೇ ಮೆಟ್ಟಿಲಿಗೆ ಕೈ ಹಿಡಿದು ಹತ್ತಿಸ್ಬೇಕು, ನಿಮ್ಮ ಪುಸ್ತಕದಲ್ಲಿ ಆ ಮೆಟ್ಟಿಲೇ ಇಲ್ಲ, ಚಿತ್ರದಿಂದ ನೇರ ಟೇಬಲ್ಲಿಗೆ ಹಾರಿ ಹೋಗ್ತೀರ.

ಆ ಮೆಟ್ಟಿಲು ಅಂದ್ರೆ ಏನು ಅಂತ ಹೇಳ್ತೀನಿ, ದುಡ್ಡೇನೂ ಬೇಡ, ಒಂದಿಷ್ಟು ಹಳೇ ಪೇಪರು, ಕಡ್ಡಿ, ಕಡ್ಡಿಗಳನ್ನ ಜೋಡಿಸೋಕೆ ಚೂರು ರಬ್ಬರ್ ಟ್ಯೂಬು ಸಾಕು.

ಆಯತದ ಒಂದು ಹಾಳೆ ಪ್ರತಿ ಮಗು ಕೈಗೂ ಕೊಡಿ. ಕರ್ಣದ ಮೇಲೆ, ಅಂದ್ರೆ ಮೂಲೆಯಿಂದ ಎದುರು ಮೂಲೆಗೆ ಮಡಚಿದ್ರೆ ಎರಡು ಭಾಗ ಒಂದರ ಮೇಲೊಂದು ಕೂರತ್ತಾ ಅಂತ ಮಡಚೋಕೆ ಮುಂಚೆ ಕೇಳಿ. ನನ್ನ ಕ್ಲಾಸಲ್ಲಿ ಎಲ್ರೂ ಕೂರತ್ತೆ ಅಂತಾರೆ. ಪ್ರತಿ ವರ್ಷಾನೂ. ಸ್ಟಾಫ್ ರೂಮಲ್ಲಿ ಕೇಳಿದಾಗ ಇಬ್ರು ಟೀಚರ್ರೂ ಕೂರತ್ತೆ ಅಂದ್ರು, ಹೆಸರು ಹೇಳಲ್ಲ. ಎರಡು ತ್ರಿಭುಜ ಸಮ ಇದಾವಲ್ಲ, ಅದಕ್ಕೇ ಹಾಗನ್ಸತ್ತೆ. ಮಡಚಿ ನೋಡಿದ್ರೆ ಎರಡು ಕಿವಿ ಥರ ಆಚೆ ಈಚೆ ಎದ್ದು ನಿಂತ್ಕೊಳತ್ತೆ. ಆ ಗಳಿಗೇಲಿ ಕ್ಲಾಸಲ್ಲಿ ಒಂದು ಸದ್ದು ಬರತ್ತಲ್ಲ, "ಅಯ್ಯೋ" ಅಂತ, ಅದಕ್ಕೋಸ್ಕರಾನೇ ನಾನು ಈ ಪಾಠ ಮಾಡೋದು. ಆಮೇಲೆ ಅದೇ ಹಾಳೇಲಿ ಚೌಕ ಕತ್ತರಿಸಿ ಮಡಚ್ತಾರೆ, ಕರ್ಣದ ಮೇಲೆ ಕೂತ್ಕೊಳತ್ತೆ, ನಡುಮಧ್ಯದಲ್ಲೂ ಕೂತ್ಕೊಳತ್ತೆ, ಒಟ್ಟು ನಾಲ್ಕು ಮಡಿಕೆ. ಆಯತಕ್ಕೆ ಎರಡು, ಎರಡೂ ನಡುಮಧ್ಯದವು. ವಜ್ರಾಕೃತಿಗೂ ಎರಡು, ಆದ್ರೆ ಎರಡೂ ಕರ್ಣದ ಮೇಲೆ. ಗಾಳಿಪಟಕ್ಕೆ ಒಂದು. ಆಯತಾನೂ ಅಲ್ಲದ ವಜ್ರಾಕೃತೀನೂ ಅಲ್ಲದ ಸಮಾಂತರ ಚತುರ್ಭುಜ ಕೊಡಿ, ಮಕ್ಕಳು ಹತ್ತು ನಿಮಿಷ ಮಡಚಿ ಮಡಚಿ ಹಾಳೇನ ಮುದ್ದೆ ಮಾಡ್ತಾರೆ, ಒಂದೂ ಸಿಗಲ್ಲ, ಯಾಕಂದ್ರೆ ಇಲ್ವೇ ಇಲ್ಲ. ಮಧ್ಯದಲ್ಲಿ ಪಿನ್ ಚುಚ್ಚಿ ಅರ್ಧ ಸುತ್ತು ತಿರುಗಿಸಿದ್ರೆ ಮಾತ್ರ ತನ್ನ ಜಾಗದಲ್ಲೇ ಸರಿಯಾಗಿ ಬಂದು ಕೂತ್ಕೊಳತ್ತೆ. ಇಷ್ಟಾದ ಮೇಲೆ ಬೋರ್ಡ್ ಮೇಲೆ ಚೌಕದ ಮಡಿಕೆ ಬರೀರಿ, ಪಕ್ಕದಲ್ಲಿ ಆಯತದ ಎರಡು, ವಜ್ರಾಕೃತಿಯ ಎರಡು. ಎರಡೂ ಎರಡೂ ಕೂಡಿದ್ರೆ ನಾಲ್ಕು, ಆಯತದ್ದೂ ವಜ್ರಾಕೃತಿದೂ ಎಲ್ಲ ಚೌಕದ ಹತ್ರ ಇದೆ ಅಂತ ಮಕ್ಕಳೇ ಹೇಳ್ತಾರೆ. ನೀವು ಹೇಳ್ಬೇಕಾಗೇ ಇಲ್ಲ.

ಕಡ್ಡಿಗಳದ್ದು ಇನ್ನೂ ಮಜಾ. ಸಮ ಉದ್ದದ ನಾಲ್ಕು ಕಡ್ಡಿನ ರಬ್ಬರ್ ಟ್ಯೂಬಲ್ಲಿ ಜೋಡಿಸಿ ಚೌಕ ಮಾಡಿ, ಒಂದು ಮೂಲೆ ಒತ್ತಿ. ವಾಲತ್ತೆ, ವಜ್ರಾಕೃತಿ ಆಗತ್ತೆ, ಇನ್ನೂ ಒತ್ತಿದ್ರೆ ಚಪ್ಪಟೆ ಆಗಿ ಮಲಗಿಬಿಡತ್ತೆ. ಬಾಹು ಒಂದೂ ಬದಲಾಗ್ಲಿಲ್ಲ, ಕೋನ ಎಲ್ಲ ಬದಲಾಯ್ತು, ಒಳಗಿನ ಜಾಗ ಸೊನ್ನೆ ಹತ್ರ ಬಂತು. ವಾಲಿಸ್ತಾ ವಾಲಿಸ್ತಾ ಲಂಬಕೋನ ಬರೋ ಒಂದೇ ಒಂದು ಗಳಿಗೇಲಿ ಅದು ಚೌಕ, ಆದ್ರೆ ಆ ಗಳಿಗೇಲೂ ನಾಲ್ಕು ಬಾಹು ಸಮಾನೇ, ಅಂದ್ರೆ ವಜ್ರಾಕೃತಿ ಆಗಿರೋದನ್ನ ಅದು ನಿಲ್ಲಿಸ್ಲಿಲ್ಲ. ಡಬ್ಬಿಯ ಚಿತ್ರದಲ್ಲಿ ಇದು ಕಾಣಲ್ಲ, ಕೈಯಲ್ಲಿ ಹಿಡಿದ್ರೆ ಸೆಕೆಂಡಲ್ಲಿ ಕಾಣತ್ತೆ. ಮೂರು ಕಡ್ಡಿ ಜೋಡಿಸಿ ಒತ್ತಿ ನೋಡಿ, ತ್ರಿಭುಜ ಜಪ್ಪಯ್ಯ ಅಂದ್ರೂ ಅಲುಗಾಡಲ್ಲ. ಭಾಸ್ಕರಾಚಾರ್ಯರು 1150ರಲ್ಲಿ ಲೀಲಾವತೀಲಿ ಇದಕ್ಕೇ ಸಿಟ್ಟು ಮಾಡ್ಕೊಂಡಿದಾರೆ. ಕರ್ಣಾನೋ ಲಂಬಾನೋ ಕೊಡದೆ ಬರೀ ನಾಲ್ಕು ಬಾಹು ಕೊಟ್ಟು ಚತುರ್ಭುಜದ ಕ್ಷೇತ್ರಫಲ ಎಷ್ಟು ಅಂತ ಕೇಳೋನು ಪಿಶಾಚಿ, ಅದಕ್ಕೆ ಉತ್ತರ ಹೇಳೋಕೆ ಹೋಗೋನು ಅವನಿಗಿಂತ ಕಡೆ ಅನ್ನೋ ಅರ್ಥದ ಶ್ಲೋಕಾನೇ ಇದೆ. ಪ್ರಶ್ನೆಪತ್ರಿಕೆ ತೆಗೆಯೋರು ದಯವಿಟ್ಟು ಬೇಜಾರ್ ಮಾಡ್ಕೋಬೇಡಿ, ಹೇಳಿದ್ದು ನಾನಲ್ಲ.

ಇನ್ನೊಂದು, ಎರಡು ಕಡ್ಡಿನ ಮಧ್ಯಕ್ಕೆ ಸರಿಯಾಗಿ ಅಡ್ಡ ಇಟ್ಟು ನಾಲ್ಕು ತುದಿ ಸೇರಿಸಿ ದಾರ ಸುತ್ತೋದು. ಕಡ್ಡಿಗಳು ಕರ್ಣ ಆಗ್ತವೆ. ಎರಡು ಕಡ್ಡಿ ಬೇರೆಬೇರೆ ಉದ್ದ ಇದ್ರೆ ಸಮಾಂತರ ಚತುರ್ಭುಜ, ಒಂದೇ ಉದ್ದ ಇದ್ರೆ ಆಯತ, ಲಂಬವಾಗಿ ಇಟ್ರೆ ವಜ್ರಾಕೃತಿ, ಒಂದೇ ಉದ್ದಾನೂ ಇದ್ದು ಲಂಬಾನೂ ಆದ್ರೆ ಚೌಕ. ಬಡಗಿ ಬಾಗಿಲ ಚೌಕಟ್ಟು ಕೂರಿಸಿದ ಮೇಲೆ ಟೇಪ್ ಹಿಡಿದು ಮೂಲೆಯಿಂದ ಮೂಲೆಗೆ ಎರಡು ಕಡೆ ಅಳೀತಾನಲ್ಲ, ಇದನ್ನೇ ನೋಡೋದು ಅವನು. ಎದುರುಬದುರು ಬಾಹು ಸಮ ಅಂತ ಮೊದಲೇ ಗೊತ್ತು, ಕರ್ಣಾನೂ ಸಮ ಬಂದ್ರೆ ಮೂಲೆ ನೆಟ್ಟಗಿದೆ ಅಂತ ಲೆಕ್ಕ. ಬರೀ ಕರ್ಣ ಸಮ ಇದ್ರೆ ಸಾಲದು, ಓರೆ ಬಾಹುಗಳೆರಡೂ ಸಮ ಇರೋ ತ್ರಾಪಿಜ್ಯದಲ್ಲೂ ಕರ್ಣ ಸಮಾನೇ ಇರತ್ತೆ. "ಇಷ್ಟು ಗೊತ್ತಿದ್ರೆ ಸಾಕಾ, ಇನ್ನೊಂದು ಬೇಕಾ" ಅನ್ನೋ ಈ ಪ್ರಶ್ನೆ ಇದೆಯಲ್ಲ, ಇದನ್ನ ಒಂದು ಪುಸ್ತಕಾನಾದ್ರೂ ಮಕ್ಕಳಿಗೆ ಕೇಳಿ ನಾನು ನೋಡಿಲ್ಲ. ನಾನು ಆಟ ಆಡಿಸ್ತೀನಿ. ಮನಸ್ಸಲ್ಲಿ ಒಂದು ಆಕಾರ ಇಟ್ಕೊಂಡು ಒಂದೊಂದೇ ಸುಳಿವು ಕೊಡೋದು: ನಾಲ್ಕು ಬಾಹು ಇದೆ, ಒಂದು ಜೊತೆ ಎದುರು ಬಾಹು ಸಮಾಂತರ, ಇನ್ನೊಂದು ಜೊತೇನೂ ಸಮಾಂತರ, ಒಂದು ಕೋನ ಲಂಬಕೋನ. ಪ್ರತಿ ಸುಳಿವಿಗೂ ಯಾವ ಹೆಸರು ಉಳ್ಕೊಂತು ಯಾವುದು ಬಿತ್ತು ಅಂತ ಮಕ್ಕಳು ಸ್ಲೇಟಲ್ಲಿ ಹೊಡೆದು ಹಾಕ್ತಾರೆ. ಮೊದಮೊದಲು ಲಂಬಕೋನ ಅಂದ ತಕ್ಷಣ ಚೌಕಾ ಅಂತ ಕಿರುಚ್ತಾರೆ, ನಾಲ್ಕನೇ ದಿನ ಒಬ್ಬ ಎದ್ದು "ಇನ್ನೂ ಹೇಳೋಕಾಗಲ್ಲ ಮಿಸ್, ಬಾಹು ಸಮಾನಾ ಅಂತ ಹೇಳಿ" ಅಂತಾನೆ.

ಹೆಸರುಗಳ ಬಗ್ಗೆನೂ ಎರಡು ಮಾತು. ಚತುರ್ಭುಜ ಅಂದ್ರೆ ನಾಲ್ಕು ತೋಳು ಅಂತ ಯಾರಾದ್ರೂ ಒಂದು ಸಾಲು ಬರೀಬಾರ್ದಾ? ಹೇಳದೆ ಹೋದ್ರೆ ಮಗುಗೆ ಅದು ಬರೀ ಸದ್ದು. ಹೇಳಿದ ದಿನ ಒಬ್ಬ "ಹಾಗಾದ್ರೆ ತ್ರಿಭುಜಕ್ಕೆ ಮೂರು ಕೈ" ಅಂತ ತಾನೇ ಬಿಡಿಸಿದ. ಸಮಾಂತರ ಚತುರ್ಭುಜದ ಹೆಸರಲ್ಲೇ ಅದರ ಷರತ್ತಿದೆ, ಇಂಥ ಹೆಸರು ಸಿಕ್ಕಿರೋದು ನಮ್ಮ ಪುಣ್ಯ, ಬಳಸ್ಕೊಳ್ಳಿ. ವರ್ಗ ಅಂತ ಒಂದು ಪೇಜಲ್ಲಿ ಚೌಕ ಅಂತ ಇನ್ನೊಂದು ಪೇಜಲ್ಲಿ ಹಾಕೋದನ್ನ ನಿಲ್ಲಿಸಿ, ಇಲ್ಲಾ ಅಂದ್ರೆ ಎರಡೂ ಒಂದೇ ಅಂತ ಮೊದಲ ಸಾಲಲ್ಲೇ ಹೇಳಿ. ವಜ್ರಾಕೃತಿ ಅನ್ನೋ ಹೆಸರು ಮಾತ್ರ ಕೈ ಕೊಡತ್ತೆ, ಅದು ಮುಖ ನೋಡು ಅಂತಾನೇ ಹೇಳತ್ತೆ, ಗುಣ ಹೇಳಲ್ಲ. ಇನ್ನು ತ್ರಾಪಿಜ್ಯ, "ತ್ರಾ" ನೋಡಿ ಮೂರು ಅಂದ್ಕೊಳೋ ಮಕ್ಕಳು ಬೇಜಾನ್ ಇದಾರೆ. ಗ್ರೀಕಲ್ಲಿ ಟ್ರಪೀಜಾ ಅಂದ್ರೆ ಮೇಜು, ಅದರ ಮೂಲದಲ್ಲೇ ನಾಲ್ಕು ಕಾಲು ಅನ್ನೋ ಅರ್ಥ ಇದೆ, ಇದನ್ನ ಹೇಳಿದ್ರೆ ಆ ಗೊಂದಲ ಅಲ್ಲೇ ಮುಗೀತು. ಟ್ರಪೀಜಿಯಂ, ಟ್ರಪೀಜಾಯ್ಡ್ ಅನ್ನೋ ಎರಡು ಪದದ ಅರ್ಥ ಬ್ರಿಟನ್ನಲ್ಲಿ ಒಂದು, ಅಮೆರಿಕಾದಲ್ಲಿ ಉಲ್ಟಾ, ಆ ಗಲಾಟೆ ನಮ್ಮ ಮಕ್ಕಳಿಗೆ ಬೇಡ. ಆದ್ರೆ "ಒಂದು ಜೊತೆ ಸಮಾಂತರ" ಅಂದ್ರೆ ಕನಿಷ್ಠ ಒಂದು ಜೊತೇನಾ, ಒಂದೇ ಒಂದು ಜೊತೇನಾ ಅಂತ ನಿಮ್ಮ ಪುಸ್ತಕದಲ್ಲಿ ಸ್ಪಷ್ಟವಾಗಿ ಬರೀರಿ. ಎರಡೂ ಥರ ಬರೆಯೋರು ಜಗತ್ತಲ್ಲಿದಾರೆ, ನೀವು ಯಾವ ಕಡೆ ಅಂತ ಹೇಳಿಬಿಟ್ರೆ ಟೀಚರ್ರು ಬದುಕ್ಕೊಂತಾರೆ.

ಚಿತ್ರಗಳನ್ನ ದಯವಿಟ್ಟು ತಿರುಗಿಸಿ. ವಾಲಿರೋ ಚೌಕ ಹಾಕಿ, ನಿಂತಿರೋ ಆಯತ ಹಾಕಿ, ತಲೆಕೆಳಗಾಗಿರೋ ತ್ರಾಪಿಜ್ಯ ಹಾಕಿ. ಯಾವ ಹೆಸರೂ ಇಲ್ಲದ ಅಡ್ಡಾದಿಡ್ಡಿ ಚತುರ್ಭುಜಾನೂ ಒಂದು ಹಾಕಿ, ಬಾಣದ ತುದಿ ಥರ ಒಳಕ್ಕೆ ಮಡಚಿಕೊಂಡಿರುತ್ತಲ್ಲ ಅದನ್ನೂ ಹಾಕಿ. ಮಕ್ಕಳು ಅದನ್ನ ತ್ರಿಭುಜ ಅಂತಾರೆ, ಎಣಿಸಿ ಅಂದ್ರೆ ನಾಲ್ಕು ಬಾಹು ಸಿಗತ್ತೆ, ಮುಖ ಸಪ್ಪಗಾಗತ್ತೆ, ಮೂಲೆಗಳನ್ನ ಹರಿದು ಒಂದೆಡೆ ಜೋಡಿಸಿದ್ರೆ ಅದೂ ಮಿಕ್ಕಿದ್ದರ ಥರಾನೇ ಸರಿಯಾಗಿ 360 ಡಿಗ್ರಿ, ಒಂದು ಪೂರ್ತಿ ಸುತ್ತು. ಟೈಮ್ ಉಳಿದ್ರೆ ಅಂಥ ಅಡ್ಡಾದಿಡ್ಡಿದರಲ್ಲೇ ನಾಲ್ಕು ಬಾಹುಗಳ ಮಧ್ಯಬಿಂದು ಗುರುತು ಹಾಕಿ ಸಾಲಾಗಿ ಸೇರಿಸೋಕೆ ಹೇಳಿ. ಒಳಗೆ ಸಮಾಂತರ ಚತುರ್ಭುಜ ಬರತ್ತೆ, ಪ್ರತಿಯೊಬ್ರದ್ದೂ ಬೇರೆ ಚಿತ್ರ, ಪ್ರತಿಯೊಬ್ರಿಗೂ ಬರತ್ತೆ. ವಾರಿಗ್ನಾನ್ ಅನ್ನೋ ಫ್ರೆಂಚ್ ಗಣಿತಜ್ಞನ ಹೆಸರಲ್ಲಿ 1731ರಲ್ಲಿ ಪ್ರಿಂಟಾದ ಪ್ರಮೇಯ ಇದು. ಪ್ರೈಮರಿ ಮಕ್ಕಳಿಗೆ ಸಾಧನೆ ಬೇಡ, ಪಕ್ಕದೋರ ಹಾಳೆ ಇಣುಕಿ ನೋಡಿ "ನಿಂಗೂ ಬಂತಾ?" ಅಂತ ಕೇಳ್ಕೊಳೋದಷ್ಟು ಸಾಕು.

ಪುಸ್ತಕ ಮತ್ತೆ ಪ್ರಿಂಟಾಗೋಕೆ ವರ್ಷಗಟ್ಲೆ ಹಿಡಿಯತ್ತೆ, ನಂಗೂ ಗೊತ್ತು. ಆನ್ಸರ್ ಕೀ ಬದಲಾಯಿಸೋಕೆ ಒಂದು ಸಾಲು ಸಾಕು: "ಚೌಕವನ್ನೂ ಆಯತ ಎಂದು ಗುರುತಿಸಿದ್ದರೆ ಪೂರ್ಣ ಅಂಕ ಕೊಡಿ." ಮೊದಲು ಅಷ್ಟು ಮಾಡಿ. ಅದು ಬರೋವರೆಗೂ ನನ್ನ ಕ್ಲಾಸಲ್ಲಿ ನಾನು ಪೂರ್ತಿ ಮಾರ್ಕ್ಸ್ ಕೊಡ್ತಾ ಇರ್ತೀನಿ, ಯಾರಾದ್ರೂ ಕೇಳಿದ್ರೆ ತೋರಿಸೋಕೆ ಈ ಪತ್ರದ ಒಂದು ಕಾಪಿ ಮಾರ್ಕ್ಸ್ ರಿಜಿಸ್ಟರ್ ಒಳಗೆ ಇಟ್ಕೊಂಡಿದೀನಿ. ಆ ಹುಡುಗಿ ಈಗ ಮುಂದಿನ ಕ್ಲಾಸಲ್ಲಿದಾಳೆ. ಕರೆಸಿ, ಆ ಹಳೇ ಪೇಪರ್ ತರಿಸಿ, ಕೆಂಪು ಗುರುತಿನ ಪಕ್ಕ ರೈಟ್ ಹಾಕಿ ಸೈನ್ ಮಾಡ್ದೆ. "ಈಗ ಟೋಟಲ್ ಕೂಡ ಚೇಂಜ್ ಆಗತ್ತಲ್ಲಾ ಮಿಸ್" ಅಂದ್ಲು. ಅದನ್ನೂ ತಿದ್ದಿ ಕೊಟ್ಟೆ.

ಇಂತಿ,
ಒಬ್ಬ ಪ್ರೈಮರಿ ಟೀಚರ್